ಕಡಿದ ಎಳೆ, ಕೂಡಿಸುವ ಕೈ

ನಮಾಝ್ ಕಡ್ಡಾಯವೆಂದು ತಿಳಿಯದ ಮುಸ್ಲಿಮನು ನಮ್ಮ ನಡುವೆ ಬಹುಶಃ ಇರಲಾರನು. ಐದು ಹೊತ್ತಿನ ಹೆಸರುಗಳನ್ನೂ ದಿನದ 17 ಫರ್ಝ್ ರಕಅತ್‌ಗಳ ಲೆಕ್ಕವನ್ನೂ ಮಕ್ಕಳು ಮಕ್ತಬ್‌ನ ಮೊದಲ ತರಗತಿಯಲ್ಲೇ ಬಾಯಿಪಾಠ ಮಾಡುತ್ತಾರೆ. ಹೀಗಿದ್ದೂ ನಮ್ಮ ಮನೆಗಳಲ್ಲಿ, ನಮ್ಮ ಬೀದಿಗಳಲ್ಲಿ ನಮಾಝ್ ಬಿಟ್ಟವರಿದ್ದಾರೆ. ಅಣ್ಣನಿರಬಹುದು, ಗಂಡನಿರಬಹುದು, ಪ್ರಾಯಕ್ಕೆ ಬಂದ ಮಗನಿರಬಹುದು. ಅವರಿಗೆ ತಿಳಿದಿಲ್ಲವೆಂದಲ್ಲ. ಹಾಗಾದರೆ ತಿಳಿದವನಿಗೆ ನಾವು ಹೇಳುವುದಾದರೂ ಏನನ್ನು? ಹೇಳದೆ ಸುಮ್ಮನಿದ್ದರೆ ನಾವೂ ತಪ್ಪಿತಸ್ಥರಾಗುವುದಿಲ್ಲವೇ? ಹೇಳಿದರೆ ಅವರ ಮನಸ್ಸು ಮುರಿಯುವುದಿಲ್ಲವೇ? ಈ ಪ್ರಶ್ನೆಯನ್ನು ನಾನು ಪುಸ್ತಕದಿಂದ ಎತ್ತಿಕೊಂಡದ್ದಲ್ಲ. ನನ್ನದೇ ಒಂದು ತಪ್ಪಿನ ಮೂಲಕ ಅದು ನನ್ನ ಮುಂದೆ ಬಂದು ನಿಂತಿತು.

ದೇವನಹಳ್ಳಿ ತಾಲೂಕಿನ ವಿಜಯಪುರ ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ಊರು. ಸುತ್ತಲಿನ ರೈತರು ಬೆಳೆದ ಗೂಡು ಅಲ್ಲಿ ಹರಾಜಾಗುತ್ತದೆ. ಅದನ್ನು ಕೊಂಡು ನೂಲು ಬಿಚ್ಚುವ ರೀಲರುಗಳಲ್ಲಿ ನಮ್ಮ ಜನ ಬಹಳ. ಅಂಥ ಒಬ್ಬ ರೀಲರು ನನಗಿಂತ ಎಂಟು ವರ್ಷ ಹಿರಿಯರು, ಬಾಲ್ಯದಲ್ಲಿ ನಮ್ಮ ಪಕ್ಕದ ಮನೆಯವರು. ನಾನು ಅವರನ್ನು ಭಾಯಿ ಎಂದೇ ಕರೆಯುವುದು. ನಾನು ಆರೇಳು ವರ್ಷದವನಿದ್ದಾಗ ಮಸೀದಿಯ ಹೌಝ್‌ನ ಕಟ್ಟೆಯ ಮೇಲೆ ಕೂರಿಸಿ ನನಗೆ ವುಝೂ ಮಾಡಲು ಕಲಿಸಿದವರು ಅವರು. ಚಳಿಗಾಲದ ಫಜ್ರ್‌ಗೆ ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು, ತಮ್ಮ ಮಫ್ಲರನ್ನು ನನ್ನ ಕಿವಿಗೆ ಸುತ್ತಿ ಕರೆದೊಯ್ಯುತ್ತಿದ್ದರು. ಮುಂದೆ ನಾನು ಮದ್ರಸದಲ್ಲಿ ಓದಿದೆ, ಬಳಿಕ ಕನ್ನಡದಲ್ಲಿ ಬಿ.ಎ. ಮಾಡಿದೆ, ದೊಡ್ಡಬಳ್ಳಾಪುರದಲ್ಲಿ ಅಧ್ಯಾಪಕನಾದೆ. ಅವರು ತಂದೆಯ ರೀಲಿಂಗ್ ಘಟಕವನ್ನು ನಡೆಸಿಕೊಂಡು ಊರಲ್ಲೇ ಉಳಿದರು. ನನಗೆ ನಮಾಝಿನ ದಾರಿ ತೋರಿಸಿದ ಅದೇ ಭಾಯಿ ಮುಂದೊಂದು ಕಾಲದಲ್ಲಿ ನಮಾಝ್ ಬಿಟ್ಟರು. ಜುಮುಅ ಒಂದು ಉಳಿದಿತ್ತು.

ಕೆಲವು ವರ್ಷಗಳ ಹಿಂದೆ ಒಂದು ನಿಕಾಹ್‌ನಲ್ಲಿ ನಾವು ಎದುರುಬದುರಾದೆವು. ಅಸ್ರ್‌ನ ಅದಾನ್ ಆಯಿತು. ಎಲ್ಲರೂ ಎದ್ದರು, ಅವರು ಕುರ್ಚಿಯಲ್ಲೇ ಕುಳಿತಿದ್ದರು. ಹತ್ತು ಜನರ ಮುಂದೆ ನಾನು ನಗುತ್ತಾ, "ಏನು ಭಾಯಿ, ಕಿಬ್ಲಾ ಯಾವ ಕಡೆಯೆಂದು ಮರೆತೇಹೋಯಿತೇ?" ಎಂದುಬಿಟ್ಟೆ. ಕೆಲವರು ನಕ್ಕರು. ಭಾಯಿಯೂ ನಕ್ಕರು. ನಾವು ನಮಾಝ್ ಮುಗಿಸಿ ಬರುವಷ್ಟರಲ್ಲಿ ಅವರು ಊಟ ಮಾಡದೆ ಹೊರಟುಹೋಗಿದ್ದರು. ಮುಂದಿನ ಶುಕ್ರವಾರದಿಂದ ಅವರು ಬೀದಿಯ ಮಸೀದಿಗೆ ಜುಮುಅಕ್ಕೂ ಬರಲಿಲ್ಲವೆಂದು ನನ್ನ ತಾಯಿಯಿಂದ ತಿಳಿಯಿತು. ನನಗೆ ಕಿಬ್ಲಾ ತೋರಿಸಿಕೊಟ್ಟವರನ್ನು ನಾನು ಮಸೀದಿಯ ಬಾಗಿಲಿನಿಂದ ಹಿಂದಕ್ಕೆ ತಳ್ಳಿದ್ದೆ. ಅದೂ ನಮಾಝಿನ ಹೆಸರಿನಲ್ಲಿ!

ನಾನು ಹೇಳಿದ್ದರಲ್ಲಿ ಸುಳ್ಳೇನಿತ್ತು ಎಂದು ಮೊದಲು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಒಳಿತನ್ನು ಆದೇಶಿಸುವುದು ನಮ್ಮ ಕರ್ತವ್ಯವಲ್ಲವೇ ಎಂದುಕೊಂಡೆ. ಆದರೆ ಮದ್ರಸದಲ್ಲಿ ಓದಿದ್ದ ಒಂದು ಘಟನೆ ನೆನಪಾಗಿ ಆ ಸಮಾಧಾನವೂ ಹೋಯಿತು.

ಹಝ್ರತ್ ಮುಆದ್ ಬಿನ್ ಜಬಲ್(ರ) ಪ್ರವಾದಿವರ್ಯರ(ಸ) ಜೊತೆ ನಮಾಝ್ ಮಾಡಿ, ಬಳಿಕ ತಮ್ಮ ಜನರ ಬಳಿಗೆ ಹೋಗಿ ಅವರಿಗೆ ಇಮಾಮರಾಗುತ್ತಿದ್ದರು. ಒಂದು ರಾತ್ರಿ ಹೊಲಕ್ಕೆ ನೀರುಣಿಸುವ ಎರಡು ಒಂಟೆಗಳನ್ನು ಹೊಡೆದುಕೊಂಡು ಒಬ್ಬ ದುಡಿಮೆಗಾರನು ಆ ದಾರಿಯಲ್ಲಿ ಬಂದನು. ಜಮಾಅತ್ ನಡೆಯುತ್ತಿರುವುದನ್ನು ಕಂಡು, ಒಂಟೆಗಳನ್ನು ಬಿಟ್ಟು ಬಂದು ಸಫ್‌ನಲ್ಲಿ ನಿಂತನು. ಹಝ್ರತ್ ಮುಆದ್(ರ) ಬಹಳ ದೀರ್ಘವಾದ ಸೂರಃವನ್ನು ಓದತೊಡಗಿದರು. ದಿನವಿಡೀ ದುಡಿದು ದಣಿದಿದ್ದ ಆತನು ಜಮಾಅತ್‌ನಿಂದ ಬೇರ್ಪಟ್ಟು ಹೊರಟುಹೋದನು. ಮುಆದ್(ರ) ಅವನ ಬಗ್ಗೆ ಕಠಿಣವಾದ ಮಾತಾಡಿದರು, ಕಪಟಿಯೆಂದು ಕರೆದರು. ಆತನು ಪ್ರವಾದಿವರ್ಯರ(ಸ) ಬಳಿಗೆ ಹೋಗಿ ದೂರು ಕೊಟ್ಟನು. ಪ್ರವಾದಿವರ್ಯರು(ಸ) ಗದರಿಸಿದ್ದು ಯಾರನ್ನು? ಜಮಾಅತ್ ಬಿಟ್ಟ ದುಡಿಮೆಗಾರನನ್ನಲ್ಲ. ಜನರನ್ನು ಪರೀಕ್ಷೆಗೆ ಒಡ್ಡುತ್ತಿರುವೆಯಾ ಎಂದು ಮೂರು ಸಲ ಮುಆದ್‌ರನ್ನೇ(ರ) ಕೇಳಿದರು. ನಿನ್ನ ಹಿಂದೆ ಮುದುಕರಿದ್ದಾರೆ, ದುರ್ಬಲರಿದ್ದಾರೆ, ಕೆಲಸವಿರುವವರಿದ್ದಾರೆ, ಚಿಕ್ಕ ಸೂರಃಗಳನ್ನು ಓದು ಎಂದು ಕಲಿಸಿದರು.

ಸಹೀಹ್ ಬುಖಾರಿಯಲ್ಲಿರುವ ಈ ಹದೀಸನ್ನು ನಾನು ಪರೀಕ್ಷೆಗಾಗಿ ಓದಿದ್ದೆ, ಮಕ್ಕಳಿಗೆ ಪಾಠವನ್ನೂ ಮಾಡಿದ್ದೆ. ಅದರಲ್ಲಿ ನಾನು ಯಾರ ಜಾಗದಲ್ಲಿದ್ದೇನೆಂದು ಮಾತ್ರ ಯಾವತ್ತೂ ಯೋಚಿಸಿರಲಿಲ್ಲ. ಮುಆದ್(ರ) ಮಹಾನ್ ಸಹಾಬಿ. ತಿದ್ದಿದ ಒಡನೆ ತಿದ್ದಿಕೊಂಡವರು. ಮುಂದೆ ಪ್ರವಾದಿವರ್ಯರು(ಸ) ಅವರನ್ನೂ ಹಝ್ರತ್ ಅಬೂ ಮೂಸಾರನ್ನೂ(ರ) ಯಮನ್‌ಗೆ ಕಳುಹಿಸುವಾಗ, ಜನರಿಗೆ ಸುಲಭ ಮಾಡಿರಿ, ಕಷ್ಟ ಮಾಡಬೇಡಿರಿ, ಸುವಾರ್ತೆ ಕೊಡಿರಿ, ಜನ ದೂರ ಓಡುವಂತೆ ಮಾಡಬೇಡಿರಿ ಎಂದು ಉಪದೇಶಿಸಿದರು. ನಾನಂತೂ ಆ ಪಾಠವನ್ನು ಹೇಳಿಕೊಡುತ್ತಲೇ ಅದಕ್ಕೆ ವಿರುದ್ಧವಾಗಿ ನಡೆದಿದ್ದೆ.

ಒಂದು ಭಾನುವಾರ ವಿಜಯಪುರಕ್ಕೆ ಹೋದೆ. ಕ್ಷಮೆ ಕೇಳಬೇಕು, ನಮಾಝಿನ ಮಾತೆತ್ತಬಾರದು ಎಂದು ನಿರ್ಧರಿಸಿಕೊಂಡಿದ್ದೆ. ಘಟಕದೊಳಗೆ ಕಾಲಿಡುತ್ತಿದ್ದಂತೆ ಹಬೆ, ಬೆಂದ ಹುಳುವಿನ ವಾಸನೆ. ಬೇಸಿನ್ನಿನ ಬಿಸಿನೀರಲ್ಲಿ ಗೂಡುಗಳು ಕುಣಿಯುತ್ತಿದ್ದವು. ಕೆಲಸಗಾರರಲ್ಲಿ ಒಬ್ಬರು ಬಂದಿರಲಿಲ್ಲವಾಗಿ ಭಾಯಿಯೇ ಬೇಸಿನ್ನಿನ ಮುಂದೆ ಕುಳಿತಿದ್ದರು. ಬಿಸಿನೀರಲ್ಲಿ ನೆನೆದು ನೆನೆದು ಅವರ ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿ, ಅಲ್ಲಲ್ಲಿ ಚರ್ಮ ಸುಲಿದಿತ್ತು. ಪಕ್ಕದಲ್ಲಿ ಸ್ಟೂಲಿನ ಮೇಲೆ ಕುಳಿತೆ. "ಭಾಯಿ, ಅವತ್ತು ನಾನು ಹಾಗೆ ಹೇಳಬಾರದಿತ್ತು. ಮಾಫ್ ಮಾಡಿ" ಎಂದೆ.

ಬಹಳ ಹೊತ್ತು ಅವರು ಮಾತಾಡಲಿಲ್ಲ. ಕೊನೆಗೆ, "ನೀನು ಹೇಳಿದ್ದು ನಿಜವೇ ಅಲ್ಲವೇನೋ ತಮ್ಮಾ. ಅದಕ್ಕೇ ಅಷ್ಟು ಚುಚ್ಚಿತು" ಎಂದರು. ಆಮೇಲೆ ನಾನು ಕೇಳದೆಯೇ ಎಲ್ಲವನ್ನೂ ಹೇಳಿದರು. 2011ರ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡಾ 30ರಿಂದ 5ಕ್ಕೆ ಇಳಿಸಿದಾಗ ದರ ಬಿದ್ದುಹೋದದ್ದು ನಮ್ಮ ಸೀಮೆಯವರಿಗೆಲ್ಲ ನೆನಪಿದೆ. ಹೆಚ್ಚಿನ ಬೆಲೆಗೆ ಗೂಡು ಕೊಂಡು ನೂಲು ಬಿಚ್ಚಿಟ್ಟಿದ್ದ ಭಾಯಿ ಆ ವರ್ಷ ಸಾಲಕ್ಕೆ ಬಿದ್ದರು. ಕೆಲಸಗಾರರನ್ನು ಕಡಿಮೆ ಮಾಡಿ ಹಗಲೂ ರಾತ್ರಿ ತಾವೇ ಬೇಸಿನ್ನಿಗೆ ಕುಳಿತರು. ಮೊದಲು ಝುಹ್ರ್ ತಪ್ಪಿತು, ಬಳಿಕ ಅಸ್ರ್. ರಾತ್ರಿ ತಡವಾಗಿ ಮಲಗಿ ಫಜ್ರ್ ಹೋಯಿತು. "ಸಾಲ ತೀರಿದ ಮೇಲೆ ಶುರು ಮಾಡೋಣ ಅಂದುಕೊಂಡೆ. ಸಾಲ ತೀರಿತು. ಅಷ್ಟರಲ್ಲಿ ಮಸೀದಿಯ ಮೆಟ್ಟಿಲು ಹತ್ತುವುದಕ್ಕೆ ನಾಚಿಕೆಯಾಗತೊಡಗಿತ್ತು" ಎಂದರು.

ನೋಡಿ, ಅವರ ಮಾತಿನಲ್ಲಿ ಧಿಕ್ಕಾರವಿರಲಿಲ್ಲ. ಇದ್ದದ್ದು ಮೂರು ಅಡ್ಡಿಗಳು. ಬೈಗುಳದಿಂದ ಇವುಗಳಲ್ಲಿ ಒಂದಾದರೂ ಸರಿಯುವಂತಿರಲಿಲ್ಲ.

ಮೊದಲನೆಯದು ವಾಸನೆ. "ಈ ಬಟ್ಟೆಯಲ್ಲಿ ಅಲ್ಲಾಹನ ಮುಂದೆ ಹೇಗೆ ನಿಲ್ಲಲಿ?" ಎಂದು ಅವರು ಕೇಳಿದರು. ಕೊಳೆ ಬೇರೆ, ಧಾರ್ಮಿಕ ಅಶುದ್ಧಿ ಬೇರೆ. ಹರಿಯುವ ರಕ್ತವಿಲ್ಲದ ಹುಳುಗಳು ನೀರಿನಲ್ಲಿ ಸತ್ತರೆ ಆ ನೀರು ಅಶುದ್ಧವಾಗದೆಂಬುದು ಹನಫೀ ಫಿಕ್‌ಹ್‌ನ ಪ್ರಸಿದ್ಧ ನಿಯಮ. ಆ ನೀರು ಬಟ್ಟೆಗೆ ಸಿಡಿದ ಮಾತ್ರಕ್ಕೆ ನಮಾಝ್ ಕೆಡದು. ಮಸೀದಿಯಲ್ಲಿ ಪಕ್ಕದವರಿಗೆ ವಾಸನೆಯಿಂದ ತೊಂದರೆಯಾಗಬಾರದೆಂಬುದು ನಿಜ. ಹಸಿ ಬೆಳ್ಳುಳ್ಳಿ ತಿಂದವರನ್ನು ಪ್ರವಾದಿವರ್ಯರು(ಸ) ಮಸೀದಿಗೆ ಬರದಂತೆ ತಡೆದಿದ್ದಾರೆ. ಆದರೆ ನಮಾಝ್ ಬಿಡಿರೆಂದು ಹೇಳಲಿಲ್ಲ. ಭೂಮಿಯೇ ನಮಗೆ ಮಸೀದಿಯಾಗಿರುವಾಗ ಘಟಕದ ಮೂಲೆಯಲ್ಲಿ ಒಂದು ಚಾಪೆ ಸಾಕು. ಪ್ರವಾದಿವರ್ಯರ(ಸ) ಕಾಲದಲ್ಲಿ ಜನರು ತಮ್ಮ ಕೆಲಸವನ್ನು ತಾವೇ ಮಾಡಿಕೊಳ್ಳುವ ದುಡಿಮೆಗಾರರಾಗಿದ್ದರು, ಅದೇ ಸ್ಥಿತಿಯಲ್ಲಿ ಜುಮುಅಕ್ಕೂ ಬರುತ್ತಿದ್ದರು, ಸ್ನಾನ ಮಾಡಿ ಬಂದಿದ್ದರೆ ಚೆನ್ನಾಗಿತ್ತು ಎಂದಷ್ಟೇ ಅವರಿಗೆ ಹೇಳಲಾಯಿತು ಎಂದು ಹಝ್ರತ್ ಆಇಶಾ(ರ) ತಿಳಿಸಿದ್ದಾರೆ. ಎಷ್ಟು ಮೃದುವಾದ ಮಾತು!

ಎರಡನೆಯದು ಹೊತ್ತು. ಬೇಸಿನ್ ಬಿಟ್ಟು ಎದ್ದರೆ ಗೂಡು ಅತಿಯಾಗಿ ಬೇಯುತ್ತದೆ. ಕೊಂಡ ಗೂಡನ್ನು ಹುಳು ಚಿಟ್ಟೆಯಾಗಿ ಕೊರೆದು ಬರುವ ಮೊದಲೇ ಬಿಚ್ಚಿ ಮುಗಿಸಬೇಕು. ಇದು ಸೋಮಾರಿಯ ನೆಪವಲ್ಲ. ಆದರೆ ಅಲ್ಲಾಹನು ನಮಾಝನ್ನು ಕ್ಷಣಕ್ಕೆ ಕಟ್ಟಿಹಾಕಿಲ್ಲ, ಸಮಯಬದ್ಧಗೊಳಿಸಿದ್ದಾನೆ. ಅದನ್ನು ಅನ್ನಿಸಾ ಅಧ್ಯಾಯದ 103ನೆಯ ಸೂಕ್ತದಲ್ಲಿ ಕಾಣಬಹುದು. ಹನಫೀ ಲೆಕ್ಕದಲ್ಲಿ ನಮ್ಮ ಊರುಗಳಲ್ಲಿ ಝುಹ್ರ್‌ನ ಸಮಯ ವರ್ಷದ ಯಾವ ಋತುವಿನಲ್ಲೂ ಮೂರೂವರೆ ತಾಸಿಗಿಂತ ಹೆಚ್ಚೇ ಇರುತ್ತದೆ. ನಾಲ್ಕು ರಕಅತ್ ಫರ್ಝ್‌ಗೆ ಐದಾರು ನಿಮಿಷ. ಒಂದು ಸುತ್ತಿನ ಗೂಡು ಮುಗಿದು ಇನ್ನೊಂದನ್ನು ಬೇಯಿಸಲು ಹಾಕುವ ನಡುವೆ ಆ ಐದು ನಿಮಿಷ ಸಿಗುತ್ತದೆಯೇ ಎಂದು ಕೇಳಿದೆ. ಅವರು ಯೋಚಿಸಿ, "ಚಹಾಕ್ಕೆ ಸಿಗುತ್ತದೆ" ಎಂದು ನಕ್ಕರು.

ಮೂರನೆಯ ಅಡ್ಡಿಯೇ ದೊಡ್ಡದು. "ಇಷ್ಟು ವರ್ಷದ ಕಝಾ ತಲೆಯ ಮೇಲಿದೆ. ವರ್ಷಕ್ಕೆ 1825 ಹೊತ್ತು. ಲೆಕ್ಕ ಹಾಕಿದರೆ ಎದೆ ಒಡೆಯುತ್ತದೆ. ಈಗ ಒಂದು ಹೊತ್ತು ನಿಂತರೆ ಏನಾದೀತು?" ಭಾಯಿ ವ್ಯಾಪಾರಿ, ಲೆಕ್ಕ ಅವರಿಗೆ ಬರುತ್ತದೆ. ತಪ್ಪಿದ ನಮಾಝ್‌ಗಳನ್ನು ತೀರಿಸಬೇಕೆಂಬುದು ಬಹುಸಂಖ್ಯಾತ ವಿದ್ವಾಂಸರ ಅಭಿಪ್ರಾಯ. ಆದರೆ ಸಾಲ ದೊಡ್ಡದೆಂದು ಇಂದಿನ ಕಂತನ್ನೂ ಕಟ್ಟದಿದ್ದರೆ ಸಾಲ ಬೆಳೆಯುತ್ತದೆಯೇ ಹೊರತು ಕರಗದು. ಪ್ರತಿ ಹೊತ್ತಿನ ಫರ್ಝ್ ಜೊತೆಗೆ ಒಂದೊಂದು ಕಝಾ ಸೇರಿಸಿದರೆ ಒಂದು ವರ್ಷದಲ್ಲಿ ಒಂದು ವರ್ಷದ್ದು ತೀರುತ್ತದೆ. ಅಷ್ಟರೊಳಗೆ ಆಯುಷ್ಯ ಮುಗಿದರೆ? ತನ್ನ ಕಡೆಗೆ ನಡೆದು ಬರುವವನ ಬಳಿಗೆ ತಾನು ಧಾವಿಸಿ ಬರುವೆನೆಂದು ಅಲ್ಲಾಹನು ಹೇಳಿರುವುದನ್ನು ಪ್ರವಾದಿವರ್ಯರು(ಸ) ತಿಳಿಸಿಲ್ಲವೇ? ದಾರಿಯ ಮೇಲಿದ್ದವನನ್ನು ಆತನು ಕೈಬಿಡುವನೆಂದು ನಾವೇಕೆ ಭಾವಿಸಬೇಕು?

ಮಾತು ನಡೆದಿರುವಾಗಲೇ ಅವರ ಮುಂದೆ ಒಂದು ಎಳೆ ಕಡಿಯಿತು. ಅವರು ನನ್ನ ಕಡೆಗೇ ನೋಡುತ್ತಿದ್ದರೂ ಕೈ ತಾನಾಗಿ ನೀರಿಗಿಳಿದು, ಗೂಡಿನ ತುದಿ ಹುಡುಕಿ, ಓಡುತ್ತಿದ್ದ ನೂಲಿಗೆ ಕೂಡಿಸಿತು. "ದಿನಕ್ಕೆ ಎಷ್ಟು ಸಲ ಕಡಿಯುತ್ತದೆ ಭಾಯಿ?" ಎಂದೆ. "ಲೆಕ್ಕ ಇಟ್ಟವರಾರು?" "ಕಡಿದ ಗೂಡನ್ನು ಎಸೆಯುವುದಿಲ್ಲವೇ?" "ಎಸೆದರೆ ಮನೆ ನಡೆಯುತ್ತದೆಯೇ? ಒಳಗೆ ಇನ್ನೂ ನೂಲಿರುತ್ತದಲ್ಲಾ" ಎಂದವರು ಅಲ್ಲಿಗೇ ನಿಂತರು. ನಾನೂ ಮುಂದೆ ಮಾತಾಡಲಿಲ್ಲ. ಮಾತಾಡಿದ್ದರೆ ಮತ್ತೆ ಮೇಷ್ಟರಾಗಿಬಿಡುತ್ತಿದ್ದೆ.

ಅಂದು ಮಗ್ರಿಬ್‌ಗೆ ಅವರು ಬೇಸಿನ್ ನಿಲ್ಲಿಸಿ, ಘಟಕದ ಮೂಲೆಯಲ್ಲಿ ಗೋಣಿಯ ಮೇಲೆ ಚಾದರ ಹಾಸಿದರು. ಇಮಾಮತ್‌ಗೆ ನನ್ನನ್ನು ಮುಂದೆ ನಿಲ್ಲಿಸಿದರು. ನಾನು ಕುರ್‌ಆನಿನ ಅತ್ಯಂತ ಚಿಕ್ಕ ಸೂರಃಗಳನ್ನು ಓದಿದೆ. ದುಡಿದು ದಣಿದವರು ಹಿಂದೆ ನಿಂತಾಗ ಏನನ್ನು ಓದಬೇಕೆಂದು ಆಗ ನನಗೆ ತಿಳಿದಿತ್ತು.

ಓದುಗ ಬಂಧುಗಳೇ, ಇಲ್ಲಿ ಒಂದು ಪ್ರಶ್ನೆ ಏಳಬಹುದು. ಒಂದು ಹೊತ್ತಿನಿಂದ ಆರಂಭಿಸಿದರೆ ಉಳಿದ ನಾಲ್ಕನ್ನು ಮನ್ನಾ ಮಾಡಿದಂತಾಗುವುದಿಲ್ಲವೇ? ಖಂಡಿತ ಇಲ್ಲ. ಫರ್ಝ್ ಐದೇ. ಅದನ್ನು ನಾಲ್ಕು ಮಾಡುವ ಅಧಿಕಾರ ಯಾವ ಮೌಲವಿಗೂ ಇಲ್ಲ. ಆದರೆ ಮಹಡಿ ಹತ್ತುವವನು ಮೊದಲ ಮೆಟ್ಟಿಲಲ್ಲಿದ್ದಾನೆಂದು ಅವನನ್ನು ಕೆಳಕ್ಕೆ ತಳ್ಳುವುದು ಯಾವ ನ್ಯಾಯ? ಅಲ್ಪವಾದರೂ ನಿರಂತರವಾದ ಕರ್ಮವೇ ಅಲ್ಲಾಹನಿಗೆ ಅತ್ಯಂತ ಪ್ರಿಯವೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ತಪ್ಪದೆ ಉಳಿದ ಒಂದು ಹೊತ್ತು ಉಳಿದ ನಾಲ್ಕನ್ನು ತಾನಾಗಿ ಕರೆಯುತ್ತದೆ.

ಇನ್ನೊಂದು ಪ್ರಶ್ನೆಯೂ ಇದೆ. ಧರ್ಮದಲ್ಲಿ ಬಲವಂತವಿಲ್ಲವೆಂದಾದರೆ ಬೇರೆಯವರ ನಮಾಝಿನ ವಿಚಾರ ನಮಗೇಕೆ, ಸುಮ್ಮನಿರುವುದೇ ಸೌಜನ್ಯವಲ್ಲವೇ? ಭಾಯಿಯ ನಮಾಝ್ ನಿಂತು ಎಷ್ಟೋ ವರ್ಷ ನಾನೂ ಹಾಗೆಯೇ ಸುಮ್ಮನಿದ್ದೆ. ಅದನ್ನು ಸೌಜನ್ಯವೆಂದುಕೊಂಡಿದ್ದೆ. ಅದು ಉದಾಸೀನವಾಗಿತ್ತು. ಅವರ ಸಾಲದ ದಿನಗಳಲ್ಲಿ ನಾನೊಮ್ಮೆಯೂ ಅವರ ಮನೆಗೆ ಹೋಗಿರಲಿಲ್ಲ. ಮೌನಕ್ಕೂ ಹಂಗಿಸುವುದಕ್ಕೂ ನಡುವೆ ಮೂರನೆಯ ದಾರಿಯೊಂದಿದೆ. ಲುಕ್ಮಾನರು ನಮಾಝಿನ ಬಗ್ಗೆ ಉಪದೇಶಿಸುವ ಮೊದಲು ಮಗನನ್ನು 'ಯಾ ಬುನಯ್ಯ' ಎಂದು ಕರೆಯುತ್ತಾರೆ. ಅರಬಿಯಲ್ಲಿ ಅದು ಬರಿಯ 'ಮಗನೇ' ಅಲ್ಲ, ನಮ್ಮ ತಾಯಂದಿರು 'ನನ್ನ ಕಂದಾ' ಎನ್ನುವ ಹಾಗೆ. ಮೂಸಾ(ಅ) ಮತ್ತು ಹಾರೂನ್(ಅ) ಫಿರ್‌ಔನನಂಥ ದುಷ್ಟನ ಬಳಿಗೆ ಹೋಗುವಾಗಲೂ ಮೃದುವಾಗಿ ಮಾತಾಡಿರೆಂದು ಅಲ್ಲಾಹನು ಆಜ್ಞಾಪಿಸಿದನು. ನಮ್ಮ ಅಣ್ಣತಮ್ಮಂದಿರು ಫಿರ್‌ಔನನಿಗಿಂತ ಕೆಟ್ಟವರೂ ಅಲ್ಲ, ನಾವು ಮೂಸಾರಿಗಿಂತ(ಅ) ಶ್ರೇಷ್ಠರೂ ಅಲ್ಲ.

ಇಷ್ಟಕ್ಕೂ ಒಬ್ಬನ ನಮಾಝ್ ನಿಂತುಹೋದರೆ ಹೋಗುವುದಾದರೂ ಏನು? ಮನುಷ್ಯನು ಚಂಚಲ ಸ್ವಭಾವದವನು, ಕಷ್ಟ ಬಂದಾಗ ಕಂಗೆಡುತ್ತಾನೆ, ಸುಖ ಬಂದಾಗ ಕೈ ಬಿಗಿ ಮಾಡುತ್ತಾನೆ, ನಮಾಝನ್ನು ನಿರಂತರ ಪಾಲಿಸುವವರು ಇದಕ್ಕೆ ಹೊರತು ಎಂದು ಅಲ್‌ಮಆರಿಜ್ ಅಧ್ಯಾಯ ತಿಳಿಸುತ್ತದೆ. ಗೂಡಿನ ಮಾರುಕಟ್ಟೆಯಲ್ಲಿ ನಿಂತು ನೋಡಿದವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ದರ ಏರಿದರೆ ಮುಖ ಅರಳುತ್ತದೆ, ಇಳಿದರೆ ಮನೆಯ ಮಕ್ಕಳ ಮೇಲೆ ಸಿಟ್ಟು ಹರಿಯುತ್ತದೆ. ದಿನಕ್ಕೆ ಐದು ಸಲ ದರವನ್ನು ಕೇಳದ, ಸಾಲವನ್ನು ಎಣಿಸದ ಒಂದು ಸನ್ನಿಧಿಯಲ್ಲಿ ನಿಲ್ಲುವ ಮನುಷ್ಯನನ್ನು ಮಾರುಕಟ್ಟೆ ಪೂರ್ತಿಯಾಗಿ ಆಳಲಾರದು. 2011ರಲ್ಲಿ ಭಾಯಿ ಹಣವನ್ನು ಕಳೆದುಕೊಂಡರು. ಆದರೆ ಆ ಕಷ್ಟದಲ್ಲಿ ಕೈಹಿಡಿಯಬೇಕಾಗಿದ್ದ ಆಸರೆಯನ್ನೂ ಅದೇ ವರ್ಷ ಬಿಟ್ಟುಬಿಟ್ಟದ್ದು ಅವರಿಗಾದ ದೊಡ್ಡ ನಷ್ಟವೆಂದು ನನಗೆ ತೋರುತ್ತದೆ.

ಆದುದರಿಂದ ನಮಾಝಿಗೆ ಕರೆಯುವವರು ಬಾಯಿಗಿಂತ ಮೊದಲು ಕೈಗೆ ಕೆಲಸ ಕೊಡಲಿ. ದೊಡ್ಡಬಳ್ಳಾಪುರದ ಮಗ್ಗದ ಮಾಲೀಕನು ಕೆಲಸಗಾರನಿಗೆ ಹತ್ತು ನಿಮಿಷವನ್ನೂ ವುಝೂಗೆ ನೀರನ್ನೂ ಕೊಡಲಿ. ನೆಲಮಂಗಲದ ಕಾರ್ಖಾನೆಯಿಂದ ಪಾಳಿ ಮುಗಿಸಿ ಕೆಲಸದ ಬಟ್ಟೆಯಲ್ಲೇ ಬಂದವನಿಗೆ ಸಫ್‌ನಲ್ಲಿ ಮುಖ ಗಂಟಿಕ್ಕದೆ ಜಾಗ ಬಿಡೋಣ. ಹೊಸಕೋಟೆಯಿಂದ ಚೆನ್ನೈಗೆ ಲಾರಿ ಓಡಿಸುವ ತಮ್ಮನಿಗೆ, ಪ್ರಯಾಣದಲ್ಲಿ ನಾಲ್ಕು ರಕಅತ್‌ನ ಫರ್ಝ್ ಎರಡೇ ಆಗುತ್ತದೆಂಬ ರಿಯಾಯಿತಿಯನ್ನು ತಿಳಿಸೋಣ. ಹೊಸಕೋಟೆಯ ಬಿರಿಯಾನಿಗಾಗಿ ಬೆಂಗಳೂರಿನಿಂದ ನಸುಕಿನಲ್ಲೇ ಎದ್ದು ಬರುವ ಹುಡುಗರಿಗೆ ಫಜ್ರ್‌ಗೆ ಏಳುವ ಶಕ್ತಿಯಿಲ್ಲವೆಂದು ಯಾರು ಹೇಳಬಲ್ಲರು? ಅವರನ್ನು ಹಂಗಿಸುವ ಬದಲು ಒಂದು ದಿನ ಅವರ ಜೊತೆಗೇ ಹೋಗಿ, ದಾರಿಯ ಮಸೀದಿಯಲ್ಲಿ ಜಮಾಅತ್ ಮುಗಿಸಿ, ಬಿರಿಯಾನಿಯ ದುಡ್ಡನ್ನು ನಾವೇ ಕೊಡೋಣ! ಮನೆಯಲ್ಲಿ ತಾಯಂದಿರು, ಸೊಸೆಯಂದಿರು ನಮಾಝಿಗೆ ನಿಂತಾಗ ಅಡುಗೆಯ ಒಲೆಯನ್ನು ಹತ್ತು ನಿಮಿಷ ಗಂಡಸರು ನೋಡಿಕೊಳ್ಳಲಿ. ಇಷ್ಟೆಲ್ಲ ಮಾಡಿದ ಮೇಲೂ ಸನ್ಮಾರ್ಗಕ್ಕೆ ತರುವವನು ಅಲ್ಲಾಹನೇ. ಪ್ರವಾದಿವರ್ಯರಿಗೂ(ಸ) ಅವರು ಪ್ರೀತಿಸಿದವರನ್ನು ದಾರಿಗೆ ತರುವ ಅಧಿಕಾರವನ್ನು ಆತನು ಕೊಟ್ಟಿರಲಿಲ್ಲ. ನಮ್ಮ ಪಾಲಿಗಿರುವುದು ಬಾಗಿಲಿಗೆ ಅಡ್ಡವಾಗಿ ನಾವು ನಿಲ್ಲದಿರುವುದು.

ಭಾಯಿಯ ಮಗ್ರಿಬ್ ಈಗ ತಪ್ಪುವುದು ಅಪರೂಪ. ಹೆಚ್ಚಿನ ದಿನ ಝುಹ್ರ್ ಕೂಡ ನಡೆಯುತ್ತದೆ. ಫಜ್ರ್ ಇನ್ನೂ ಕಡಿಯುತ್ತದೆ, ಕೂಡುತ್ತದೆ. ಕಳೆದ ರಮಝಾನಿನಲ್ಲಿ ಬೀದಿಯ ಮಸೀದಿಗೆ ಮರಳಿ ಬಂದರು. ಒಮ್ಮೆ ಅವರು ನನ್ನನ್ನೇ ಕೇಳಿದರು: "ನನ್ನದಿರಲಿ ತಮ್ಮಾ, ನಿನ್ನ ನಮಾಝ್ ಹೇಗಿದೆ?" ನನಗೆ ಉತ್ತರ ಹೊಳೆಯಲಿಲ್ಲ. ಹೊತ್ತು ತಪ್ಪಿಸಿದವನಲ್ಲ ನಾನು. ಆದರೆ ಎಷ್ಟು ರಕಅತ್‌ಗಳಲ್ಲಿ ನನ್ನ ಮನಸ್ಸು ತರಗತಿಯಲ್ಲೂ ಸಂಬಳದಲ್ಲೂ ಅಲೆಯುತ್ತಿತ್ತು! ನಮಾಝ್ ಮಾಡಿಯೂ ಅದರ ಬಗ್ಗೆ ಅಲಕ್ಷ್ಯ ತೋರುವವರನ್ನು, ತೋರಿಕೆಗೆ ಮಾಡುವವರನ್ನು, ಸಣ್ಣಪುಟ್ಟ ನೆರವನ್ನೂ ನಿರಾಕರಿಸುವವರನ್ನು ಅಲ್‌ಮಾಊನ್ ಅಧ್ಯಾಯ ಎಚ್ಚರಿಸಿದೆ. ಅದನ್ನು ನಾನು ಎಷ್ಟೋ ಸಲ ನಮಾಝಿನಲ್ಲೇ ಓದಿದ್ದೇನೆ, ಮನಸ್ಸನ್ನು ಬೇರೆಲ್ಲೋ ಇಟ್ಟುಕೊಂಡು. ಅವರ ಎಳೆ ಕಡಿದದ್ದು ಎಲ್ಲರಿಗೂ ಕಂಡಿತ್ತು. ನನ್ನದು ಒಳಗೇ ಕಡಿದಿತ್ತು, ಯಾರಿಗೂ ಕಂಡಿರಲಿಲ್ಲ.

ಕಡಿದ ಎಳೆಗಳನ್ನು ಕೂಡಿಸುವ ಸಹನೆಯನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ನಮ್ಮ ನಾಲಗೆಯಿಂದಾಗಿ ಯಾರೂ ಅವನ ಮನೆಯ ಮೆಟ್ಟಿಲಿನಿಂದ ಹಿಂದಿರುಗದಿರಲಿ. ನಮ್ಮನ್ನೂ ನಮ್ಮ ಮಕ್ಕಳನ್ನೂ ನಮಾಝನ್ನು ಸಂಸ್ಥಾಪಿಸುವವರನ್ನಾಗಿ ಮಾಡಲಿ. ಆಮೀನ್.